ನಲವತ್ತಮೂರು ಹೌದುಗಳು

ಗುಡೇಕೋಟೆ, ಕೂಡ್ಲಿಗಿ ತಾಲೂಕು
೧೮ ಜುಲೈ ೨೦೨೪

ಡಾಕ್ಟರ್ ಅರ್ಚನಾ ಅವರಿಗೆ,

ನೀವು ಕೊಟ್ಟ ಮಾತುಗಳನ್ನು ಮೊದಲು ಬರೆಯುತ್ತೇನೆ.

ಒಂದು: ನಿಮ್ಮ ಸಂಸ್ಥೆಯ ಕ್ಯಾಂಪಿನಲ್ಲಿ ತೆಗೆದ ನಮ್ಮ ನಲವತ್ತಮೂರು ಜನರ ರಕ್ತದ ಫಲಿತಾಂಶವನ್ನು ಆರು ತಿಂಗಳಲ್ಲಿ ಕನ್ನಡದಲ್ಲಿ ಬರೆದು ಕೊಡುತ್ತೇವೆ ಎಂದಿರಿ. ಎರಡು ವರ್ಷವಾಯಿತು, ಒಂದು ಚೀಟಿಯೂ ಬಂದಿಲ್ಲ. ಎರಡು: ಶುಗರ್ ಇದ್ದವರಿಗೆ ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತೇವೆ ಎಂದಿರಿ. ಮಾಡಿಸಲಿಲ್ಲ. ಮೂರು: ಪಾಲಾಕ್ಷಪ್ಪನ ಲಿವರ್‌ನಿಂದ ಸೂಜಿ ಹಾಕಿ ತೆಗೆದ ತುಣುಕು ಏನು ಹೇಳಿತು ಎಂದು ಅವನ ಮನೆಯವರಿಗೆ ತಿಳಿಸುತ್ತೇವೆ ಎಂದಿರಿ. ತಿಳಿಸಲಿಲ್ಲ. ನಾಲ್ಕು: ಫಲಿತಾಂಶ ಹೇಳಲು ನಾನೇ ಬರುತ್ತೇನೆ ಎಂದಿರಿ. ಬರಲಿಲ್ಲ.

ಕೇಳದೆ ಕೊಟ್ಟದ್ದು ಮಾತ್ರ ಒಂದಿದೆ. ನಿಮ್ಮ ಕ್ಯಾಂಪಿನಿಂದ ಪಾಲಾಕ್ಷಪ್ಪನನ್ನು ದೊಡ್ಡಾಸ್ಪತ್ರೆಗೆ ಕಳಿಸಿದಿರಲ್ಲ, ಅಲ್ಲಿಂದ ಬಿಡುಗಡೆಯಾದಾಗ ಅವನ ಕಾಗದದಲ್ಲಿ ‘ಮದ್ಯಪಾನದಿಂದ ಬಂದ ಲಿವರ್ ಕಾಯಿಲೆ, ಕ್ಯಾನ್ಸರ್’ ಎಂದು ಬರೆದಿತ್ತು. ಆ ಕಾಗದವನ್ನು ಹಟ್ಟಿಯ ಕಟ್ಟೆಯ ಮೇಲೆ ಓದಿದರು. ಪಾಲಾಕ್ಷಪ್ಪ ಮೈಲಾರಲಿಂಗನ ಅರಿಶಿನ ಭಂಡಾರದ ಚೀಲ ಹೆಗಲಿಗೆ ಹಾಕಿದವನು. ಅವರ ಮನೆತನದಲ್ಲಿ ಚೀಲ ಹಿಡಿದವರು ಹೆಂಡ ಮುಟ್ಟುವುದಿಲ್ಲ ಎಂಬ ನೇಮ. ಕಣ್ಣು ಹಳದಿಯಾಗಿ, ಹೊಟ್ಟೆ ಊದಿಕೊಂಡು ಕೂತಿದ್ದವನ ಹೆಗಲಿಂದ ಹಿರಿಯ ಪಕ್ಕೀರಪ್ಪ ಚೀಲ ಇಳಿಸಿದ. ‘ನಾ ಕುಡದಿಲ್ಲೋ’ ಎಂದು ಪಾಲಾಕ್ಷಪ್ಪ ಮೂರು ಸಲ ಹೇಳಿದ. ನಾನು ಎದ್ದು ನಿಂತು ಜಗಳಾಡಿದೆ, ಆಸ್ಪತ್ರೆಯವರು ಸುಳ್ಳು ಬರೆದಿದ್ದಾರೆ ಎಂದೆ. ಕಾಗದದ ಮುಂದೆ ಆಶಾ ಕಾರ್ಯಕರ್ತೆಯ ಬಾಯಿ ಎಷ್ಟು ನಡೆಯುತ್ತದೆ? ಎರಡು ತಿಂಗಳಲ್ಲಿ ಅವನು ತೀರಿಕೊಂಡ. ಚೀಲ ಗುಡಿಯ ಗೂಟದಲ್ಲಿ ನೇತಾಡುತ್ತಿದೆ.

ಸತ್ತವನ ಸಲುವಾಗಿ ಇದನ್ನು ಬರೆಯುತ್ತಿಲ್ಲ. ಅವನ ಮಗ ಬೀರಲಿಂಗೇಶನಿಗೆ ಈಗ ಮೂವತ್ತಾರು. ನಾಲ್ಕು ವರ್ಷದಿಂದ ಶುಗರ್ ಇದೆ. ಮೂರು ತಿಂಗಳಿಂದ ಬಲಪಕ್ಕೆ ಭಾರ ಎನ್ನುತ್ತಾನೆ, ಕುರಿ ಹಿಂದೆ ಗುಡ್ಡ ಹತ್ತಲಾರ. ಸ್ಕ್ಯಾನ್ ಮಾಡಿಸೋ ಎಂದರೆ ಅವನು ಹೇಳುವುದು ಇಷ್ಟೇ: ‘ಆ ಮಷಿನ್ ಕೆಳಗ ಮಲಗಿದ್ರ ಮಂದಿ ಏನಂತಾರ ಅಕ್ಕಾ? ಅಪ್ಪನೂ ಕುಡದ, ಮಗನೂ ಕುಡದ ಅಂತಾರ. ಸತ್ರೂ ಒಲ್ಲೆ.’

ಇಲ್ಲಿ ಲಿವರ್ ಎಂದರೆ ಕುಡಿತ ಎಂದೇ ಅರ್ಥ. ಆ ಅರ್ಥ ಬರೆದು ಕೊಟ್ಟವರು ನೀವು. ಅಳಿಸಬೇಕಾದವರೂ ನೀವೇ.

ಫೋನ್ ಮಾಡಬೇಡಿ. ಫೋನಿನಲ್ಲಿ ಹೇಳಿದ್ದಕ್ಕೆ ಸ್ವೀಕೃತಿ ಇರುವುದಿಲ್ಲ. ಬರೆದು ಕೇಳು, ಬರೆಸಿಕೋ ಎಂಬ ಪಾಠವನ್ನು ನಾವಿಬ್ಬರೂ ಮಹಿಳಾ ಸಂಘದ ಒಂದೇ ಜಮಖಾನದ ಮೇಲೆ ಕೂತು ಕಲಿತವರು. ಕೊಟ್ಟೂರಿನ ಅಡತಿ ಅಂಗಡಿಯ ಮಗಳಾದ ನೀವು ಬ್ರಾಂದಿ ಅಂಗಡಿ ವಿರುದ್ಧದ ಜಾಥಾದಲ್ಲಿ ನನ್ನ ಪಕ್ಕ ಬರಿಗಾಲಲ್ಲಿ ನಡೆದಿದ್ದು ನಿಮಗೆ ಮರೆತಿರಬಹುದು. ನನಗಿಲ್ಲ.

ಉತ್ತರ ಬರುವವರೆಗೂ ಬಿಡದ,
ಓಬಮ್ಮ


ಹೈದರಾಬಾದ್
೬ ಆಗಸ್ಟ್ ೨೦೨೪

ಓಬಮ್ಮಕ್ಕ,

‘ಡಾಕ್ಟರ್’, ‘ನೀವು’ ಎಂಬ ಎರಡು ಏಟು ಸರಿಯಾಗಿಯೇ ಬಿದ್ದಿವೆ. ನಾಲ್ಕು ಮಾತಿನಲ್ಲಿ ಒಂದನ್ನೂ ಉಳಿಸಿಕೊಳ್ಳಲಿಲ್ಲ. ಅದಕ್ಕೆ ನೆಪ ಹೇಳುವುದಿಲ್ಲ, ಕಾರಣ ಹೇಳುತ್ತೇನೆ.

ಗುಡೇಕೋಟೆಯ ಫಲಿತಾಂಶಗಳಿಗೆ ತಲೆಬುಡ ಇರಲಿಲ್ಲ. ಕುಡಿಯುವವರು ಒಂದು ಗುಂಪು, ಕುಡಿಯದವರು ಒಂದು ಗುಂಪು ಮಾಡಿ ಹೋಲಿಸುವುದು ನಮ್ಮ ಲೆಕ್ಕ. ನಿಮ್ಮ ಹಟ್ಟಿಯವರೆಲ್ಲ ಕುಡಿಯುವವರ ಗುಂಪಿಗೆ ಬಂದರು. ರಕ್ತ ಮಾತ್ರ ಹಾಗೆ ಹೇಳಲಿಲ್ಲ. ನಮ್ಮ ಯಂತ್ರ ಕೆಟ್ಟಿದೆ ಎಂದುಕೊಂಡೆವು, ರಕ್ತ ಸರಿಯಾಗಿ ತಂಪಿನಲ್ಲಿಟ್ಟಿಲ್ಲ ಎಂದುಕೊಂಡೆವು. ಕೊನೆಗೆ ಆ ಕಡತ ಕಪಾಟಿಗೆ ಹೋಯಿತು. ಅರ್ಥವಾಗದ್ದನ್ನು ಹೇಗೆ ಬರೆಯಲಿ ಎಂದು ನಾನು ಸುಮ್ಮನಾದೆ. ಅರ್ಥವಾಗಲಿಲ್ಲ ಎಂದೇ ಬರೆಯಬಹುದಿತ್ತು. ಬರೆಯಲಿಲ್ಲ.

ನಿನ್ನ ಕಾಗದ ಬಂದ ದಿನವೇ ಕಪಾಟು ತೆಗೆಸಿದೆ. ಪಾಲಾಕ್ಷಪ್ಪನ ತುಣುಕು ಮೇಣದ ಗಟ್ಟಿಯಲ್ಲಿ ಹಾಗೇ ಇತ್ತು, ಅಕ್ಕಿಕಾಳಿನಷ್ಟು. ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿದೆ. ಅಕ್ಕ, ಹತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ಪಕ್ಕದವರನ್ನು ಕೂಗಿ ಕರೆದದ್ದು ಇದೇ ಮೊದಲು. ಐಆರ್‌ಎಸ್-೧ ಎಂಬ ಪ್ರೋಟೀನ್ ಇದ್ದಲ್ಲಿ ಕಂದು ಬಣ್ಣ ಹತ್ತಬೇಕು. ಇಡೀ ಗಾಜೇ ಕಂದಾಗಿತ್ತು.

ಹಟ್ಟಿಯ ಮಾತಿನಲ್ಲಿ ಹೇಳುತ್ತೇನೆ. ಲಿವರ್‌ನ ಜೀವಕೋಶ ಒಂದು ಕುರಿದೊಡ್ಡಿ ಎಂದುಕೊ. ಬಾಗಿಲಲ್ಲಿ ರಿಸೆಪ್ಟರ್ ಎಂಬ ಕಾವಲುಗಾರ. ಇನ್ಸುಲಿನ್ ಬಂದು ಬಾಗಿಲು ತಟ್ಟಿದರೆ ಒಳಗಿರುವ ಐಆರ್‌ಎಸ್-೧ ಆ ಸುದ್ದಿ ಹಿಡಿದು ಎಕೆಟಿ ಎಂಬ ಇನ್ನೊಂದು ಪ್ರೋಟೀನಿಗೆ ಮುಟ್ಟಿಸುತ್ತದೆ. ಸುದ್ದಿ ಎರಡು: ಸಕ್ಕರೆಯನ್ನು ಹದ್ದುಬಸ್ತಿನಲ್ಲಿಡು, ಮತ್ತೆ ಬೆಳೆ. ಶುಗರ್ ಶುರುವಾಗುವವರ ಲಿವರ್ ಮೊದಲನೆಯ ಅಪ್ಪಣೆ ಕೇಳುವುದನ್ನು ಬಿಡುತ್ತದೆ. ಕೇಳುತ್ತಿಲ್ಲವೆಂದು ದೇಹ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ‘ಬೆಳೆ’ ಎಂಬ ಎರಡನೆಯ ಅಪ್ಪಣೆ ಮಾತ್ರ ಹಗಲೂ ರಾತ್ರಿ ಕೇಳಿಸುತ್ತಲೇ ಇರುತ್ತದೆ. ಲಿವರ್‌ನಲ್ಲಿ ಕೊಬ್ಬು ಕೂಡುತ್ತದೆ, ಗಾಯವಾಗುತ್ತದೆ, ಗಾಯದ ನಡುವೆ ಕೆಲವರಲ್ಲಿ ಗಂಟು ಏಳುತ್ತದೆ. ಇನ್ನೊಂದು ಪರೀಕ್ಷೆಯಲ್ಲಿ ಕಂಡದ್ದು: ಗರ್ಭದಲ್ಲಿರುವ ಕೂಸಿನ ಲಿವರ್‌ನಲ್ಲಿ ಹೆಚ್ಚಾಗಿರುವ ಬಗೆಯ ರಿಸೆಪ್ಟರ್, ದೊಡ್ಡವರಲ್ಲಿ ಹಿಂದೆ ಸರಿಯಬೇಕಾದದ್ದು, ಪಾಲಾಕ್ಷಪ್ಪನ ಗಂಟಿನಲ್ಲಿ ಮತ್ತೆ ಎದ್ದು ನಿಂತಿತ್ತು.

ಇದು ಶುಗರ್‌ನ ದಾರಿ, ಅಕ್ಕ. ಅವನಿಗೆ ಶುಗರ್ ಎಷ್ಟು ವರ್ಷದಿಂದ ಇತ್ತು? ಬರೆ.

ಬೀರಲಿಂಗೇಶನನ್ನು ಬೇಗ ಸ್ಕ್ಯಾನಿಗೆ ಕಳಿಸು. ಗಂಟಿದ್ದರೂ ಚಿಕ್ಕದಿದ್ದಾಗ ಸಿಕ್ಕರೆ ದಾರಿಗಳಿವೆ.

ತಪ್ಪಿತಸ್ಥೆ,
ಅರ್ಚನಾ


ಗುಡೇಕೋಟೆ
೧೯ ಆಗಸ್ಟ್ ೨೦೨೪

ಅರ್ಚನಾ,

ಮೊದಲು ಒಂದು ಆಕ್ಷೇಪಣೆ. ಕುರಿದೊಡ್ಡಿಯ ಕಥೆ ನಮಗೆ ಬೇಡ. ಕುರಿ ಕಾಯುವವರಿಗೆ ಕುರಿಯ ಮೂಲಕವೇ ಎಲ್ಲ ಹೇಳಬೇಕು ಎಂದು ನಿನಗೆ ಯಾರು ಹೇಳಿದರು? ಪ್ರೋಟೀನಿನ ಹೆಸರು ಹೇಳು ಸಾಕು, ನಾವು ಕಲಿಯುತ್ತೇವೆ. ಕಲಿತೂ ಬಿಟ್ಟೆವು.

ನಿನ್ನ ಕಾಗದವನ್ನು ಆಶಾ ಸಭೆಯಲ್ಲಿ ಎರಡು ಸಲ ಓದಿದೆ. ಎಲ್ಲರ ಬಾಯಲ್ಲೂ ಈಗ ಐಆರ್‌ಎಸ್ ಒಂದು. ಅಂಗನವಾಡಿಯಲ್ಲಿ ಅಡಿಗೆ ಮಾಡುವ ಗೀತಮ್ಮ ಗೊತ್ತಲ್ಲ, ಜಾಥಾದಲ್ಲಿ ಬ್ರಾಂದಿ ಅಂಗಡಿಯ ಶಟರ್ ಎಳೆದವಳು. ಅವಳು ಹೇಳಿದಳು: ‘ಇದು ಪಂಚಾಯ್ತಿ ಮೆಂಬರ್ ಇದ್ದಂಗ ಐತಲ್ಲವ್ವಾ. ಸಾಹೇಬ್ರು ಎರಡು ಆರ್ಡರ್ ಕೊಟ್ರ ಊರಿಗೆ ಬೇಕಾದ್ದು ಬಿಡ್ತಾನ, ತಾ ಬೆಳೆಯೂದು ಹಿಡೀತಾನ.’ ಸಭೆ ಮುಗಿಯುವವರೆಗೆ ನಗು ನಿಲ್ಲಲಿಲ್ಲ. ನಿನ್ನ ಕಾವಲುಗಾರನಿಗಿಂತ ಅವಳ ಮೆಂಬರ್ ಚೆನ್ನಾಗಿದ್ದಾನೆ, ಒಪ್ಪಿಕೊ.

ಪಾಲಾಕ್ಷಪ್ಪನಿಗೆ ಶುಗರ್ ಒಂಬತ್ತು ವರ್ಷದಿಂದ. ನಾನೇ ಮಾತ್ರೆ ಕೊಡುತ್ತಿದ್ದೆ. ಅರ್ಧ ದಿನ ನುಂಗುತ್ತಿದ್ದ, ಅರ್ಧ ದಿನ ಕುರಿ ಜೊತೆ ಎಲ್ಲೋ ಇರುತ್ತಿದ್ದ.

ಈಗ ನಮ್ಮ ಬೇಡಿಕೆ. ನಿನ್ನ ಸಂಸ್ಥೆಯ ಮೊಹರು ಹಾಕಿ ಒಂದು ಪ್ರಮಾಣಪತ್ರ ಕೊಡು: ‘ಪರೀಕ್ಷೆಯಿಂದ ಸಾಬೀತಾದದ್ದೇನೆಂದರೆ ಪಾಲಾಕ್ಷಪ್ಪ ಕುಡಿದಿಲ್ಲ.’ ಒಂದೇ ಸಾಲು. ಅದೇ ಕಟ್ಟೆಯ ಮೇಲೆ ನಿಂತು ಓದುತ್ತೇನೆ. ಪಕ್ಕೀರಪ್ಪನ ಕೈಯಿಂದಲೇ ಚೀಲ ಇಳಿಸುತ್ತೇನೆ. ಆಮೇಲೆ ಬೀರಲಿಂಗೇಶ ಎದೆ ಉಬ್ಬಿಸಿ ಸ್ಕ್ಯಾನಿಗೆ ನಡೆಯುತ್ತಾನೆ. ಅವನ ತಾಯಿ ಉಚ್ಚಂಗೆಮ್ಮನಿಗೆ ಹೇಳಿಬಿಟ್ಟಿದ್ದೇನೆ. ಆಕೆ ಗಂಡನ ಕಂಬಳಿ ತೆಗೆದು ಬಿಸಿಲಿಗೆ ಹಾಕಿದಳು.

ಬೇಗ ಕಳಿಸು. ಸುಳ್ಳು ಬರೆದ ಕೈ ಯಾವುದು ಎಂದೂ ಹುಡುಕು. ಅದನ್ನೂ ಬಿಡುವುದಿಲ್ಲ.

ಹುರುಪಿನಿಂದ,
ಓಬಮ್ಮ


ಹೈದರಾಬಾದ್
೪ ಸೆಪ್ಟೆಂಬರ್ ೨೦೨೪

ಓಬಮ್ಮಕ್ಕ,

ಆಕ್ಷೇಪಣೆ ಅಂಗೀಕರಿಸಿದೆ. ಗೀತಮ್ಮನ ಮೆಂಬರ್ ನಮ್ಮ ಪ್ರಯೋಗಾಲಯದ ಗೋಡೆಗೂ ಬಂದಿದ್ದಾನೆ.

ಆ ಒಂದು ಸಾಲು ಮಾತ್ರ ನಾನು ಬರೆಯಲಾರೆ. ಪ್ರೋಟೀನು ಸಾಕ್ಷಿ ಹೇಳುತ್ತದೆ, ಆದರೆ ಅಷ್ಟು ದೂರ ಹೇಳುವುದಿಲ್ಲ. ಕುಡಿದು ಕೆಟ್ಟ ಲಿವರ್‌ನ ಗಂಟಿನಲ್ಲೂ ಐಆರ್‌ಎಸ್-೧ ಏರಬಹುದು. ಪಾಲಾಕ್ಷಪ್ಪನ ತುಣುಕು ಶುಗರ್‌ನ ದಾರಿಗೆ ಹೊಂದುತ್ತದೆ ಎನ್ನಬಲ್ಲೆ, ಬಲವಾಗಿ ಎನ್ನಬಲ್ಲೆ. ಒಬ್ಬ ಮನುಷ್ಯ ಜೀವನದಲ್ಲಿ ಕುಡಿದನೋ ಇಲ್ಲವೋ ಎಂಬುದನ್ನು ಗಾಜಿನ ಮೇಲೆ ನೋಡಿ ಹೇಳಲಾಗದು. ಅದನ್ನು ಅವನನ್ನೇ ಕೇಳಬೇಕು. ಆ ಪ್ರಶ್ನೆ ನಮ್ಮ ಫಾರಂನಲ್ಲಿತ್ತು.

ಸುಳ್ಳು ಬರೆದ ಕೈ ಹುಡುಕು ಎಂದೆಯಲ್ಲ, ಹುಡುಕಿದೆ. ಆಸ್ಪತ್ರೆಯವರು ಅದನ್ನು ಹೊಸದಾಗಿ ಕೇಳಿ ಬರೆದಿಲ್ಲ, ಕ್ಯಾಂಪಿನ ಕಾರ್ಡಿನಿಂದ ಇಳಿಸಿಕೊಂಡಿದ್ದಾರೆ. ಕಾರ್ಡಿಗೆ ಬಂದದ್ದು ಕ್ಯಾಂಪಿನ ಫಾರಂನಿಂದ. ನಿಮ್ಮ ನಲವತ್ತಮೂರು ಫಾರಂಗಳನ್ನು ನೆಲದ ಮೇಲೆ ಹರಡಿ ನೋಡಿದೆ. ‘ಮದ್ಯಪಾನ’ ಎಂಬಲ್ಲಿ ನಲವತ್ತಮೂರರಲ್ಲೂ ‘ಹೌದು’. ಒಂದೇ ಹಸಿರು ಪೆನ್ನು, ಒಂದೇ ವಾಲುಗೆರೆ. ಒಂದು ‘ಇಲ್ಲ’ವೂ ಇಲ್ಲ.

ಅಂದು ಬಂದವರಲ್ಲಿ ನಲವತ್ತೆರಡು ಗಂಡಸರು, ಒಬ್ಬ ಹೆಂಗಸು. ಹೆಂಗಸಿನದು ೩೧ನೇ ಫಾರಂ. ಅದರಲ್ಲೂ ‘ಹೌದು’. ಹೆಸರುಗಳು ನನ್ನ ಮುಂದಿಲ್ಲ, ಸಂಖ್ಯೆ ಮಾತ್ರ ಇದೆ. ಸಂಖ್ಯೆಗೆ ಹೆಸರು ಹೊಂದಿಸುವ ದಫ್ತರ ನಿನ್ನ ಬಳಿ ಇದೆ. ೩೧ ಯಾರು ಎಂದು ನೋಡು. ಆ ಪುಟಗಳ ಜೆರಾಕ್ಸ್ ಇದರ ಜೊತೆಗಿದೆ.

ಅಕ್ಕ, ಇನ್ನೇನೂ ಕೇಳುವುದಿಲ್ಲ.

ನಿನ್ನ,
ಅರ್ಚನಾ


ಹೈದರಾಬಾದ್
೨೦ ಅಕ್ಟೋಬರ್ ೨೦೨೪

ಓಬಮ್ಮಕ್ಕ,

ಆರು ವಾರವಾಯಿತು. ನನ್ನ ಎರಡು ವರ್ಷದ ಮೌನಕ್ಕೆ ನೀನು ಆರು ವಾರ ತೆಗೆದುಕೊಂಡರೆ ಲೆಕ್ಕ ಇನ್ನೂ ನನ್ನ ಮೇಲೆಯೇ ಇದೆ. ಬೀರಲಿಂಗೇಶನ ಲಿವರ್ ಮಾತ್ರ ನಮ್ಮಿಬ್ಬರ ಮೌನಕ್ಕೂ ಕಾಯುವುದಿಲ್ಲ. ಅದನ್ನಷ್ಟು ನೆನಪಿಡು.

ಅರ್ಚನಾ


ಗುಡೇಕೋಟೆ
೨ ಡಿಸೆಂಬರ್ ೨೦೨೪

ತಂಗಿ ಅರ್ಚನಾ,

೩೧ ಗೀತಮ್ಮ.

ಹಸಿರು ಪೆನ್ನು ನನ್ನದು. ಸಂಘದ ದಶಮಾನೋತ್ಸವದಲ್ಲಿ ಕೊಟ್ಟದ್ದು, ಈಗಲೂ ಅದರಲ್ಲೇ ಬರೆಯುತ್ತಿದ್ದೇನೆ, ನೋಡು.

ಆ ದಿನ ನಿಮ್ಮ ಜೀಪು ಬಂದದ್ದು ಒಂದು ಗಂಟೆಗೆ, ಹೊರಡುವುದು ನಾಲ್ಕಕ್ಕೆ ಎಂದರು. ಫಾರಂ ಇಂಗ್ಲಿಷಿನಲ್ಲಿತ್ತು. ಈ ಎರಡನ್ನೂ ನಾನು ಕಾರಣ ಎಂದು ಹೇಳಬಹುದು. ಬೇರೆ ಯಾರೇ ಹೇಳಿದ್ದರೂ ನಾನು ಒಪ್ಪುತ್ತಿರಲಿಲ್ಲ, ಆದ್ದರಿಂದ ಹೇಳುವುದಿಲ್ಲ. ನಿಜ ಬೇರೆ. ಆ ವಾರ ಬ್ರಾಂದಿ ಅಂಗಡಿ ಎತ್ತಿಸಲು ತಾಲೂಕು ಕಚೇರಿಗೆ ಮನವಿ ಕೊಡುವುದಿತ್ತು. ಸಾಹೇಬರು ಅಂಕಿಅಂಶ ತನ್ನಿ ಎಂದಿದ್ದರು. ನನ್ನ ಕೈಯಲ್ಲಿ ನಲವತ್ತಮೂರು ಫಾರಂ ಇದ್ದವು. ಬೇವಿನ ಮರದಡಿ ಕೂತು, ಯಾರನ್ನೂ ಕೇಳದೆ, ಒಂದೇ ಸಮ ಎಳೆದುಕೊಂಡು ಹೋದೆ. ಹೌದು, ಹೌದು, ಹೌದು. ‘ವೈದ್ಯಕೀಯ ತಪಾಸಣೆಯಲ್ಲಿ ನಲವತ್ತಮೂರಕ್ಕೆ ನಲವತ್ತಮೂರು ಜನ ಕುಡಿತಕ್ಕೆ ಬಲಿ’ ಎಂದು ಮನವಿಯಲ್ಲಿ ಬರೆದೆ. ಅಂಗಡಿ ಎತ್ತಿದರು. ಊರ ಹೆಂಗಸರು ನನ್ನ ಮೇಲೆ ಗುಲಾಲು ಎರಚಿದರು. ಆ ನಲವತ್ತಮೂರರಲ್ಲಿ ಪಾಲಾಕ್ಷಪ್ಪನಿದ್ದ. ಶಟರ್ ಎಳೆದ ಗೀತಮ್ಮಳೂ ಇದ್ದಳು.

ಅವನು ಕುಡಿಯುವುದಿಲ್ಲ ಎಂದು ನನಗೆ ಗೊತ್ತಿತ್ತು ಅರ್ಚನಾ. ಗೆರೆ ಎಳೆಯುವಾಗ ಅವನು ನನಗೆ ಪಾಲಾಕ್ಷಪ್ಪ ಆಗಿರಲಿಲ್ಲ, ಹದಿನೇಳನೇ ಫಾರಂ ಆಗಿದ್ದ. ಆಮೇಲೆ ಕಟ್ಟೆಯ ಮೇಲೆ ‘ಸುಳ್ಳು ಬರೆದಿದ್ದಾರೆ’ ಎಂದು ಕೂಗಿದೆನಲ್ಲ, ಆ ಸುಳ್ಳು ನನ್ನ ಚೀಲದಲ್ಲೇ ಇತ್ತು, ನನ್ನ ಗೆರೆ ಆಸ್ಪತ್ರೆಯ ಕಾಗದದವರೆಗೆ ಹೋದೀತೆಂದು ಹೊಳೆದಿರಲಿಲ್ಲ. ಎರಡು ವರ್ಷ ನಿನ್ನನ್ನು ಬೈದೆ. ನಿನ್ನ ಲೆಕ್ಕ ಕೆಡಿಸಿ, ಕಡತವನ್ನು ಕಪಾಟಿಗೆ ಕಳಿಸಿದವಳೂ ನಾನೇ.

ಜೆರಾಕ್ಸ್ ನೋಡಿ ಮೂರು ದಿನ ಹಾಸಿಗೆ ಬಿಟ್ಟೇಳಲಿಲ್ಲ. ನಾಲ್ಕನೆಯ ದಿನ ಎದ್ದೆ. ಅಳುವುದಕ್ಕೆ ಸಂಘ ಬೇಕಿಲ್ಲ. ಹೊಸ ಫಾರಂ ಕನ್ನಡದಲ್ಲಿ ಬರೆಸಿ, ಗೀತಮ್ಮಳನ್ನು ಜೊತೆಗೆ ಕರೆದುಕೊಂಡು ಮನೆಮನೆ ತಿರುಗಿದೆ. ಮೊದಲು ಅವಳಿಗೇ ಹೇಳಿದೆ. ನಡು ಬೀದಿಯಲ್ಲಿ ನಿಂತುಬಿಟ್ಟಳು. ‘ನನಗೂ ಕುಡಸಿದ್ಯೇನಲೇ ಓಬವ್ವಾ?’ ಎಂದಳು. ಆಮೇಲೆ ನಕ್ಕಳು, ಆಮೇಲೆ ಎರಡು ದಿನ ನನ್ನ ಮನೆ ಕಡೆ ಬರಲಿಲ್ಲ. ಮೂರನೆಯ ದಿನ ತಾನೇ ಬಂದು ಫಾರಂ ಹಿಡಿದಳು.

ಪ್ರತಿಯೊಬ್ಬರನ್ನೂ ಕೇಳಿದೆ. ಕುರಿ ಜೊತೆ ದೂರ ಹೋದವರು ಬರುವವರೆಗೆ ಕಾದೆ, ಅದಕ್ಕೇ ಇಷ್ಟು ತಡ. ತೀರಿಕೊಂಡ ಇಬ್ಬರ ಬಗ್ಗೆ ಅವರ ಹೆಂಡಂದಿರನ್ನು ಕೇಳಿದೆ. ಗಂಡ ಹೇಳಿದ್ದನ್ನು ಹೆಂಡತಿ ಒಪ್ಪದಿದ್ದರೆ ಅದನ್ನೂ ಬರೆದೆ, ಆರು ಕಡೆ ಹಾಗಾಯಿತು. ಕುಡಿಯುವವರು ಹದಿನಾರು. ಕುಡಿಯದವರು ಇಪ್ಪತ್ತೇಳು. ಎಲ್ಲರ ಸಹಿ, ಹೆಬ್ಬೆಟ್ಟು ಇವೆ. ನಿನ್ನ ಸಂಸ್ಥೆಯ ನೀತಿ ಸಮಿತಿಗೆ ನನ್ನ ತಪ್ಪೊಪ್ಪಿಗೆ ಬೇರೆ ಬರೆದು ಲಗತ್ತಿಸಿದ್ದೇನೆ.

ಹಟ್ಟಿಗೆ ಇನ್ನೂ ಹೇಳಿಲ್ಲ. ಧೈರ್ಯ ಸಾಲುತ್ತಿಲ್ಲ. ಲಾಠಿಗೆ ಹೆದರದವಳು ಉಚ್ಚಂಗೆಮ್ಮನ ಬಾಗಿಲು ದಾಟುವಾಗ ದಾರಿ ಬದಲಿಸುತ್ತೇನೆ.

ಓಬಮ್ಮ


ಹೈದರಾಬಾದ್
೫ ಜನವರಿ ೨೦೨೫

ಅಕ್ಕ,

ಸಮಿತಿ ಒಪ್ಪಿತು. ನಿನ್ನ ತಪ್ಪೊಪ್ಪಿಗೆ ಓದಿದ ಮೇಲೆ ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ಉಳಿದ ಹಳ್ಳಿಗಳ ಫಾರಂ ತುಂಬಿದ್ದು ಯಾರು? ಈಗ ಎಲ್ಲವನ್ನೂ ತೆಗೆಸಿ ನೋಡುತ್ತಿದ್ದಾರೆ.

ನಿನ್ನ ಹದಿನಾರು, ಇಪ್ಪತ್ತೇಳನ್ನು ಗಣಕಕ್ಕೆ ಕೊಟ್ಟು ಮತ್ತೆ ಲೆಕ್ಕ ಹಾಕಿದೆ. ಎರಡು ವರ್ಷ ಮೂಕವಾಗಿದ್ದ ಅಂಕಿಗಳು ಒಂದೇ ನಿಮಿಷದಲ್ಲಿ ಬಾಯಿ ಬಿಟ್ಟವು. ಕುಡಿಯದ ಇಪ್ಪತ್ತೇಳರಲ್ಲಿ ಹನ್ನೊಂದು ಜನರ ರಕ್ತದಲ್ಲಿ ಇನ್ಸುಲಿನ್ ಇರಬೇಕಾದದ್ದಕ್ಕಿಂತ ಎರಡು ಮೂರು ಪಟ್ಟು. ಅವರ ಲಿವರ್ ಈಗಾಗಲೇ ಸೊರಗುತ್ತಿರುವ ಗುರುತುಗಳಿವೆ. ಯಂತ್ರ ಕೆಟ್ಟಿರಲಿಲ್ಲ, ರಕ್ತವೂ ಕೆಟ್ಟಿರಲಿಲ್ಲ. ಪಾಲಾಕ್ಷಪ್ಪನ ತುಣುಕು ಕುಡಿಯುವವರ ಸಾಲಿನಿಂದ ಎದ್ದು, ಶುಗರ್ ಇದ್ದು ಕುಡಿಯದವರ ಸಾಲಿಗೆ ಬಂದು ಕೂತಿತು. ಅಲ್ಲಿ ಅದು ಒಂಟಿಯಲ್ಲ, ಬೇರೆ ಊರುಗಳ ನಾಲ್ಕು ತುಣುಕುಗಳು ಅದರ ಹಾಗೆಯೇ ಇವೆ. ಸಂಖ್ಯೆ ಸಣ್ಣದು, ಇದೇ ಕೊನೆಯ ಮಾತಲ್ಲ. ಆದರೂ ಇದು ದಾರಿ, ಅಕ್ಕ, ನಿಜವಾದ ದಾರಿ. ರಾತ್ರಿ ಊಟ ಸೇರಲಿಲ್ಲ, ಖುಷಿಗೆ.

ಆಸ್ಪತ್ರೆಗೆ ಬರೆದು ಪಾಲಾಕ್ಷಪ್ಪನ ಕಾಗದ ತಿದ್ದಿಸಿದ್ದೇನೆ. ‘ಮದ್ಯಪಾನ’ ಎಂಬ ಪದ ತೆಗೆದಿದ್ದಾರೆ. ತಿದ್ದಿದ ಪ್ರತಿ ಇದರಲ್ಲಿದೆ. ಹಗರಿಬೊಮ್ಮನಹಳ್ಳಿಯ ಸ್ಕ್ಯಾನ್ ಕೇಂದ್ರದಲ್ಲಿ ಫೆಬ್ರವರಿ ಮೂರು, ಸೋಮವಾರ, ಇಡೀ ದಿನ ನಿಮ್ಮ ಹಟ್ಟಿಗೆಂದು ಹಿಡಿದಿದ್ದೇನೆ. ಎರಡನೆಯ ಮಾತು, ತಡವಾಗಿ.

ಕಟ್ಟೆಯ ಮೇಲೆ ಓದಲು ಈಗ ನಿನ್ನ ಬಳಿ ಎರಡು ಕಾಗದಗಳಿವೆ. ಒಂದು ಆಸ್ಪತ್ರೆಯದು. ಇನ್ನೊಂದು ನಿನ್ನದು. ಮೊದಲನೆಯದನ್ನಷ್ಟೇ ಓದಿದರೂ ಕೆಲಸ ಆಗಬಹುದು. ನಾನು ಯಾರಿಗೂ ಹೇಳುವುದಿಲ್ಲ.

ನಿನ್ನ,
ಅರ್ಚನಾ


ಗುಡೇಕೋಟೆ
೧೪ ಫೆಬ್ರವರಿ ೨೦೨೫

ತಂಗಿ ಅರ್ಚನಾ,

ಎರಡನ್ನೂ ಓದಿದೆ. ನನ್ನದನ್ನು ಮೊದಲು ಓದಿದೆ.

ಜನವರಿ ಇಪ್ಪತ್ತಾರರ ಬೆಳಗ್ಗೆ ಶಾಲೆಯ ಧ್ವಜ ಹಾರಿಸಿ ಬಂದು ಹಟ್ಟಿ ಪೂರಾ ಕಟ್ಟೆಯ ಬಳಿ ಸೇರಿತ್ತು. ಹಸಿರು ಪೆನ್ನು ಎತ್ತಿ ತೋರಿಸಿದೆ. ಈ ಪೆನ್ನಿನಿಂದ ಪಾಲಾಕ್ಷಪ್ಪನನ್ನು ಕುಡುಕ ಮಾಡಿದವಳು ನಾನು ಎಂದೆ. ನಲವತ್ತಮೂರು ಹೆಸರನ್ನೂ ಕೂಗಿ, ಒಬ್ಬೊಬ್ಬರ ಬಳಿಯೂ ಕ್ಷಮೆ ಕೇಳಿದೆ. ಹಿಂದಿನಿಂದ ಮೈಲಾರೇಶ, ಅವನು ಹದಿನಾರರಲ್ಲೊಬ್ಬ, ‘ನನ್ನ ಹತ್ರ ಕ್ಷಮಾ ಬ್ಯಾಡ್ರಿ, ನಂದು ಬರೋಬ್ಬರಿ ಬರದೀರಿ’ ಎಂದ. ಆ ಹೊತ್ತಿನಲ್ಲೂ ಜನ ನಕ್ಕರು. ಆ ನಗುವಿನ ಬೆನ್ನಿಗೇ ಆಸ್ಪತ್ರೆಯ ಕಾಗದ ಓದಿದೆ.

ಪಕ್ಕೀರಪ್ಪ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟ. ಆಮೇಲೆ ಹೇಳಿದ: ‘ನೀ ಕೇಳದ ಗೆರಿ ಎಳದಿ. ಅಂವ ಮೂರು ಸಲ ಹೇಳಿದ್ರೂ ನಾವು ಕೇಳದ ಚೀಲ ಇಳಿಸಿದ್ವಿ. ನಿಂದಕ್ಕಿಂತ ನಮ್ಮದು ದೊಡ್ಡದು.’ ಎದ್ದು ಗುಡಿಗೆ ಹೋಗಿ ಗೂಟದಿಂದ ಚೀಲ ತೆಗೆದುಕೊಂಡು ಬಂದು ಉಚ್ಚಂಗೆಮ್ಮನ ಮುಂದೆ ಹಿಡಿದ. ಆಕೆ ಕೈ ಚಾಚಲಿಲ್ಲ. ನನ್ನನ್ನೂ ನೋಡಲಿಲ್ಲ. ‘ಚೀಲ ಆಮ್ಯಾಲ ಕೊಡ್ರಿ. ಮೊದ್ಲು ನನ್ನ ಮಗನ್ನ ಆ ಮಷಿನ್ ಕೆಳಗ ಮಲಗಸ್ರಿ’ ಎಂದಳು.

ಫೆಬ್ರವರಿ ಮೂರರಂದು ಎರಡು ಟೆಂಪೋ ಮಾಡಿಕೊಂಡು ಹೊರಟೆವು. ಸ್ಕ್ಯಾನ್ ಕೇಂದ್ರದ ಮುಂದೆ ಕಂಬಳಿ ಹೊದ್ದ ಇಪ್ಪತ್ತೆರಡು ಗಂಡಸರು ಸಾಲು ನಿಂತದ್ದು ನೀನು ನೋಡಬೇಕಿತ್ತು. ಎಲ್ಲರಿಗಿಂತ ಮುಂದೆ ಪಕ್ಕೀರಪ್ಪ. ನಿಮಗೆ ಶುಗರ್ ಇಲ್ಲ, ನೀವ್ಯಾಕೆ ಎಂದು ಅಲ್ಲಿನ ಹುಡುಗಿ ಕೇಳಿದರೆ, ‘ನಾ ಮಲಗಿದ್ರ ಹಿಂದಿನವ್ರು ಮಲಗ್ತಾರವ್ವಾ’ ಎಂದ. ಎರಡನೆಯವನು ಬೀರಲಿಂಗೇಶ. ತಲೆ ಬಗ್ಗಿಸಿರಲಿಲ್ಲ.

ಅವನ ಲಿವರ್‌ನಲ್ಲಿ ಗಂಟಿದೆ, ಅರ್ಚನಾ. ಹದಿನೆಂಟು ಮಿಲಿಮೀಟರ್. ದೊಡ್ಡಾಸ್ಪತ್ರೆಯಲ್ಲಿ ಮತ್ತೆ ಪರೀಕ್ಷೆ ಮಾಡಿ ಕ್ಯಾನ್ಸರೇ ಎಂದರು. ಒಂದೇ ಇದೆ, ಸಣ್ಣದಿದೆ, ಹೊಟ್ಟೆ ಕೊಯ್ಯದೆ ಸೂಜಿಯಿಂದ ಬಿಸಿ ಕೊಟ್ಟು ಸುಡಬಹುದು, ಒಳ್ಳೆ ಹೊತ್ತಿಗೆ ಬಂದಿರಿ ಎಂದರು. ‘ಒಳ್ಳೆ ಹೊತ್ತಿಗೆ’ ಎಂಬ ಮಾತನ್ನು ಉಚ್ಚಂಗೆಮ್ಮ ಡಾಕ್ಟರ ಬಾಯಿಂದ ಎರಡು ಸಲ ಹೇಳಿಸಿದಳು. ಹೊರಗೆ ಬಂದು ನನ್ನ ಕೈಯಿಂದ ನೀರಿನ ಬಾಟಲಿ ಇಸಿದುಕೊಂಡು ಕುಡಿದಳು. ಎರಡೂವರೆ ವರ್ಷದ ಮೇಲೆ ಆಕೆ ನನ್ನ ಕೈಯಿಂದ ತೆಗೆದುಕೊಂಡದ್ದು ಅದೇ ಮೊದಲು. ಆಗ ನೆನಪಾಯಿತು, ಗಂಡ ಸತ್ತಾಗಿನಿಂದ ಆಕೆ ನನ್ನ ಹತ್ತಿರ ಮಾತ್ರೆಯನ್ನೂ ಇಸಿದುಕೊಂಡಿರಲಿಲ್ಲ. ಕ್ಯಾಂಪಿನ ದಿನ ಆ ಮರದಡಿ ಆಕೆಯೂ ಇದ್ದಳು. ನನ್ನ ಪೆನ್ನು ಓಡಿದ್ದನ್ನು ನೋಡಿರಬೇಕು. ನಾನು ಕೇಳಿಲ್ಲ. ಆಕೆ ಹೇಳಿಲ್ಲ.

ತಾಲೂಕು ಕಚೇರಿಗೂ ಬರೆದಿದ್ದೇನೆ: ನಮ್ಮ ಮನವಿಯ ನಲವತ್ತಮೂರು ತಪ್ಪು, ಹದಿನಾರು ಸರಿ. ಸಂಘದವರು ನನ್ನ ಮೇಲೆ ಮುರಿದುಬಿದ್ದರು, ಅಂಗಡಿ ವಾಪಸ್ ಬಂದರೆ ಏನು ಮಾಡುತ್ತೀ ಎಂದರು. ಬಂದರೆ ಮತ್ತೆ ಶಟರ್ ಎಳೆಯುತ್ತೇವೆ. ಹದಿನಾರು ಜನ ಕುಡಿದು ಸಾಯುವುದು ಸಾಲದೇನು, ಹೋರಾಡುವುದಕ್ಕೆ?

ಸೂಜಿಯ ಚಿಕಿತ್ಸೆ ಇಪ್ಪತ್ತಾರಕ್ಕೆ. ಅದಕ್ಕೂ ಮುಂಚೆ ಅಪ್ಪನ ಚೀಲ ಹೆಗಲಿಗೇರಬೇಕು, ಅದನ್ನು ಹಾಕಿಕೊಂಡೇ ಆಸ್ಪತ್ರೆಗೆ ಹೋಗುತ್ತೇನೆ ಎಂದಿದ್ದಾನೆ ಬೀರಲಿಂಗೇಶ. ಉಚ್ಚಂಗೆಮ್ಮ ಒಪ್ಪಿದ್ದಾಳೆ. ಒಂದು ಷರತ್ತು ಹಾಕಿದ್ದಾಳೆ: ಗಂಡನ ಲಿವರ್ ನೋಡಿದವಳು ಎದುರಿಗೆ ನಿಂತು, ತಾನು ಕಂಡದ್ದನ್ನು ತನ್ನ ಬಾಯಿಂದ ಹೇಳಬೇಕು. ಆ ಕಂದು ಗಾಜಿನ ಚಿತ್ರ ದೊಡ್ಡದಾಗಿ ಮಾಡಿಸಿ ತಾ. ಇಪ್ಪತ್ತೇಳು ಜನರ ಫಲಿತಾಂಶ ಕನ್ನಡದಲ್ಲಿ ತಾ, ಹದಿನಾರು ಜನರದೂ ತಾ. ಮೊದಲನೆಯ ಮಾತು, ಮೂರನೆಯ ಮಾತು, ನಾಲ್ಕನೆಯ ಮಾತು ಒಂದೇ ದಿನ ತೀರುತ್ತವೆ. ಕುರಿ ಕಥೆ ಹೇಳಿದರೆ ಗೀತಮ್ಮ ನಿನ್ನನ್ನು ಸಭೆಯಿಂದ ಎಬ್ಬಿಸುತ್ತಾಳೆ, ಮೊದಲೇ ಹೇಳಿದ್ದೇನೆ.

ಸಭೆ ಫೆಬ್ರವರಿ ಇಪ್ಪತ್ತಮೂರು, ಭಾನುವಾರ, ಬೆಳಗ್ಗೆ ಹತ್ತು ಗಂಟೆಗೆ, ಗುಡಿಯ ಕಟ್ಟೆಯ ಮೇಲೆ.

ನಿನ್ನ ಅಕ್ಕ,
ಓಬಮ್ಮ